ಬೀಜದೋಷವೂ ಕುಡುಗೋಲು ರಕ್ತರೋಗವೂ

ತಂದೆತಾಯಿಗಳ ಬೀಜದ ಮೂಲಕ ಸಂತಾನಕ್ಕೆ ರೋಗವು ಬರುವುದೆಂಬ ವಿಚಾರವು ಭಾರತೀಯ ವೈದ್ಯಶಾಸ್ತ್ರಕ್ಕೆ ಹೊಸದಲ್ಲ. ಚರಕಸಂಹಿತೆಯ ಶಾರೀರಸ್ಥಾನವು ಬೀಜ, ಬೀಜಭಾಗ, ಬೀಜಭಾಗಾವಯವ ಎಂದು ವಿಭಾಗಿಸಿ, ಇವುಗಳಲ್ಲಿ ಯಾವ ಅಂಶವು ಕೆಡುವುದೋ ಅದರಿಂದ ಹುಟ್ಟಬೇಕಾದ ಅಂಗವು ವಿಕಾರಗೊಳ್ಳುವುದೆಂದು ನಿರೂಪಿಸುತ್ತದೆ. ಇಷ್ಟರಿಂದಲೇ ಆಧುನಿಕರ ಶೋಧಗಳೆಲ್ಲವೂ ಪ್ರಾಚೀನರಿಗೆ ವಿದಿತವಾಗಿದ್ದುವೆಂದು ಸಾಧಿಸಹೊರಡುವುದು ಯುಕ್ತವಲ್ಲ. ‘ದೋಷ’ವೆಂಬ ಮಾತಿನ ಅರ್ಥವನ್ನೇ ಮರಳಿ ವಿಚಾರಿಸಬೇಕೆಂಬುದಕ್ಕೆ ಕನ್ನಡನಾಡಿನ ದಕ್ಷಿಣದ ಗಿರಿವಾಸಿಗಳಲ್ಲಿ ಕಂಡುಬರುವ ಕುಡುಗೋಲು ರಕ್ತರೋಗವೇ ನಿದರ್ಶನವು.

ಆರೋಗ್ಯವಂತನ ಕೆಂಪು ರಕ್ತಕಣವು ದುಂಡು ಬಿಲ್ಲೆಯಂತಿದ್ದು ಸುಮಾರು 120 ದಿವಸ ಬಾಳುತ್ತದೆ. ಈ ರೋಗದಲ್ಲಾದರೋ, ಆಮ್ಲಜನಕವು ಕುಗ್ಗಿದೊಡನೆ ಕಣವು ಕುಡುಗೋಲಿನಂತೆ ಬಾಗಿ ಬಿರುಸಾಗಿ, ಸೂಕ್ಷ್ಮನಾಳಗಳನ್ನು ಅಡ್ಡಗಟ್ಟಿ, ಎಲುಬು ಕೀಲುಗಳಲ್ಲಿ ದುಸ್ಸಹವಾದ ನೋವನ್ನುಂಟುಮಾಡಿ, ಬಹು ಬೇಗ ನಾಶವಾಗುತ್ತದೆ. ಷಿಕಾಗೋ ನಗರದ ವೈದ್ಯನಾದ ಜೇಮ್ಸ್ ಹೆರಿಕ್ ಇಂತಹ ಕಣಗಳನ್ನು 1910ರಲ್ಲಿ ವರ್ಣಿಸಿದನು. ವಿಕಾರವು ಹಿಮೋಗ್ಲೋಬಿನ್ ಅಣುವಿನಲ್ಲಿಯೇ ಇರುವುದೆಂದು ಲೈನಸ್ ಪಾಲಿಂಗ್ ಮತ್ತು ಆತನ ಸಂಗಡಿಗರು 1949ರಲ್ಲಿ ತೋರಿಸಿದರು. ಭಾರತದಲ್ಲಿ 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು ನೀಲಗಿರಿಯ ಗಿರಿಜನರ ರಕ್ತದಲ್ಲಿ ಈ ಗುಣವನ್ನು ಕಂಡರು. ತರುವಾಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿಯೂ ಇದು ಗೊತ್ತಾಯಿತು. ಅಲ್ಲಿ 1981ರಲ್ಲಿ ಡಾ॥ ಹೆಚ್. ಸುದರ್ಶನರು ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ರೋಗಿಗಳನ್ನು ಗುರುತಿಸಿ ಶುಶ್ರೂಷೆಗೆ ತೊಡಗಿತು.

ಇಷ್ಟು ಕ್ಲೇಶಕರವಾದ ವಿಕಾರವು ತಲೆತಲಾಂತರವಾಗಿ ಅಳಿಯದೆ ಉಳಿದುದೇಕೆ? ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಈ ಗುಣವನ್ನು ಪಡೆದವನು ಸಾಮಾನ್ಯವಾಗಿ ರೋಗಿಯಾಗುವುದಿಲ್ಲ. ಮೇಲಾಗಿ ಮಾರಕವಾದ ಮಲೇರಿಯಾದಿಂದ ಅವನಿಗೆ ಬಹುಮಟ್ಟಿಗೆ ರಕ್ಷಣೆಯುಂಟು. ಇದನ್ನು 1954ರಲ್ಲಿ ಆಂಥೊನಿ ಆಲಿಸನ್ ಪೂರ್ವ ಆಫ್ರಿಕದ ಜನರಲ್ಲಿ ಪರೀಕ್ಷಿಸಿ ಪ್ರಕಟಿಸಿದನು. ಮಲೇರಿಯಾ ನೆಲಸಿದ್ದ ಕಾಡುಗಳಲ್ಲಿ ಬಾಳಿದ ಜನರಿಗೆ ಈ ಗುಣವು ಕವಚವಾಗಿತ್ತೆಂಬುದೂ, ಇಬ್ಬರಿಂದಲೂ ಅದು ಕೂಡಿಬಂದ ಮಗುವು ಆ ಕವಚದ ಬೆಲೆಯನ್ನು ತೆರಬೇಕಾಯಿತೆಂಬುದೂ ಇದರಿಂದ ತಿಳಿಯುತ್ತದೆ. ಹೀಗೆ, ಒಬ್ಬರಲ್ಲಿ ರಕ್ಷೆಯಾದುದೇ ಮತ್ತೊಬ್ಬರಲ್ಲಿ ವ್ಯಾಧಿಯಾಯಿತು.

ಆದುದರಿಂದ ಈ ರೋಗವನ್ನು ಕುಲದ ಕಳಂಕವೆಂದಾಗಲಿ ಪೂರ್ವಜರ ಪಾಪವೆಂದಾಗಲಿ ಎಣಿಸುವುದು ಅಜ್ಞಾನವೇ ಸರಿ. ತಾಯಿಯೊಬ್ಬಳನ್ನೇ ದೂರುವುದಂತೂ ಅನ್ಯಾಯವು. ಏಕೆಂದರೆ ಇಬ್ಬರೂ ವಾಹಕರಾದಾಗಲೇ ಪ್ರತಿಯೊಂದು ಗರ್ಭದಲ್ಲಿಯೂ ನಾಲ್ಕರಲ್ಲೊಂದು ಪಾಲು ಈ ರೋಗದ ಸಂಭವವಿರುವುದು. ಭಾರತ ಸರ್ಕಾರವು 2023ರ ಜುಲೈ 1ರಂದು ಆರಂಭಿಸಿದ ರಾಷ್ಟ್ರೀಯ ಅಭಿಯಾನದಲ್ಲಿ ರಕ್ತಪರೀಕ್ಷೆಗೆ ಮುಖ್ಯಸ್ಥಾನವಿದೆ. ಪರೀಕ್ಷೆಯ ಫಲವು ವಧೂವರರ ವಿವೇಕಕ್ಕೂ ಶಿಶುವಿನ ಚಿಕಿತ್ಸೆಗೂ ನೆರವಾಗಬೇಕೇ ಹೊರತು ಜನರನ್ನು ಹೀಗಳೆಯುವುದಕ್ಕೆ ಸಾಧನವಾಗಕೂಡದು. ಬೀಜದಲ್ಲಿ ಬಂದುದನ್ನು ದೋಷವೆಂದು ಕರೆಯುವುದಕ್ಕೆ ಮುಂಚೆ, ಅದು ಯಾರನ್ನು ಕಾಪಾಡಿತೆಂಬುದನ್ನೂ ವಿಚಾರಿಸುವುದು ಇತಿಹಾಸಜ್ಞರ ಧರ್ಮವು.