ಕಾವಲು ನಾಯಿ, ಬೇಟೆ ನಾಯಿ ಮತ್ತು ಅಪ್ಪನ ಎಫ್.ಡಿ.

ಹೋದ ತಿಂಗಳು ದಾವಣಗೆರೆಗೆ ಹೋಗಿದ್ದೆ. ಅಪ್ಪನ ಬೀರುವಿನಲ್ಲಿ ಒಂದು ಪತ್ತಿನ ಸಹಕಾರ ಸಂಘದ ಎಫ್.ಡಿ. ಬಾಂಡು ಇನ್ನೂ ಇದೆ. ಸಂಘದ ಬಾಗಿಲು ಮುಚ್ಚಿ ವರ್ಷಗಳೇ ಆದವು. ಬಾಂಡಿನ ಜೊತೆ ಸಂಘದ ವಾರ್ಷಿಕ ವರದಿಯೂ ಇದೆ, ಅದರಲ್ಲಿ ‘ಆಡಿಟ್ ವರ್ಗೀಕರಣ: ಎ’. ಅಪ್ಪ ದುಡ್ಡಿಟ್ಟಿದ್ದೇ ಆ ಒಂದು ಅಕ್ಷರ ನೋಡಿ. "ಆ ಆಡಿಟರ್ ಮೇಲೆ ಕೇಸ್ ಹಾಕಕ್ಕೆ ಬರಲ್ವೇನೋ?" ಅಂದ್ರು. ನಾನೋ ಕೋಡ್ ಬರೆಯೋ ಪ್ರಾಣಿ, ನನಗೇನು ಗೊತ್ತು! ಬೆಂಗಳೂರಿಗೆ ಬಂದು ಹುಡುಕುತ್ತಾ ಕೂತಾಗ ಮೊದಲು ಸಿಕ್ಕಿದ್ದೇ ಒಂದು ಹತ್ತಿ ಗಿರಣಿಯ ಕೇಸು. ಮಿಲ್ಲುಗಳ ಊರಿನವನಿಗೆ ಇನ್ನೇನು ಬೇಕು :)

ಇಂಗ್ಲೆಂಡಿನ ಕಿಂಗ್‌ಸ್ಟನ್ ಕಾಟನ್ ಮಿಲ್, 1896. ಅಲ್ಲಿನ ಮ್ಯಾನೇಜರ್ ಹತ್ತಿ, ನೂಲಿನ ದಾಸ್ತಾನನ್ನು ವರ್ಷಗಟ್ಟಲೆ ಪುಸ್ತಕದಲ್ಲಿ ಉಬ್ಬಿಸಿ ತೋರಿಸಿದ್ದ. ಇಲ್ಲದ ಲಾಭಕ್ಕೆ ಡಿವಿಡೆಂಡ್ ಹಂಚಿದ್ದರು. ಆಡಿಟರುಗಳು ಅವನ ಸರ್ಟಿಫಿಕೇಟ್ ನಂಬಿ ಸಹಿ ಹಾಕಿದ್ದರು. ಆರಂಭದ ದಾಸ್ತಾನಿಗೆ ಖರೀದಿ ಕೂಡಿಸಿ ಮಾರಾಟ ಕಳೆದಿದ್ದರೆ ಸಾಕಿತ್ತು, ಬಣ್ಣ ಬಯಲಾಗುತ್ತಿತ್ತು. ಕೆಳಗಿನ ನ್ಯಾಯಾಲಯ ಆಡಿಟರುಗಳನ್ನೇ ಹೊಣೆ ಮಾಡಿತು. ಮೇಲ್ಮನವಿಯಲ್ಲಿ ಪಾರಾದರು. ಆಡಿಟರ್ ಕಾವಲು ನಾಯಿ, ಬೇಟೆ ನಾಯಿ ಅಲ್ಲ ಅಂದರು ನ್ಯಾಯಮೂರ್ತಿ ಲೋಪ್ಸ್. ಅನುಮಾನಕ್ಕೆ ಕಾರಣವಿಲ್ಲದಿದ್ದರೆ ಕಂಪನಿಯ ನಂಬಿಕಸ್ಥ ನೌಕರನ ಮಾತು ನಂಬಬಹುದು, ಸರಕು ಎಣಿಸುವುದು ಅವರ ಕೆಲಸವಲ್ಲ.

ಇದನ್ನು ಹರಿಹರದ ದೊಡ್ಡಪ್ಪನಿಗೆ ಫೋನಲ್ಲಿ ಹೇಳಿದರೆ ನಕ್ಕುಬಿಟ್ಟರು. ಅವರು ಅಲ್ಲಿನ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿದ್ದವರು. ಮಾರ್ಚ್ ಕೊನೆಗೆ ಆಡಿಟರ್ ಕಡೆಯ ಹುಡುಗ ಬಂದು, ಇವರು ತೋರಿಸಿದ ಕಪಾಟು ಬಿಟ್ಟು ಬೇರೆ ಕಪಾಟಿನ ಬೇರಿಂಗುಗಳನ್ನೇ ಎಣಿಸುತ್ತಿದ್ದನಂತೆ. ಹೀಗೆ ಎದುರಿಗೆ ನಿಂತು ನೋಡುವ ಪದ್ಧತಿ ಗಟ್ಟಿಯಾಗಿದ್ದು ಅಮೆರಿಕದ ಮೆಕೆಸನ್ ಅಂಡ್ ರಾಬಿನ್ಸ್ ಎಂಬ ಔಷಧ ಕಂಪನಿಯ ಹಗರಣದಿಂದ. 1938ರಲ್ಲಿ ನೋಡಿದರೆ ಪುಸ್ತಕದಲ್ಲಿದ್ದ ಸುಮಾರು 1 ಕೋಟಿ ಡಾಲರಿನ ಸರಕು ಗೋದಾಮಿನಲ್ಲಿ ಇರಲೇ ಇಲ್ಲ.

ಸರಿ, ಆಡಿಟರ್ ಅಸಡ್ಡೆ ಮಾಡಿದ ಅಂತ ಸಾಬೀತೇ ಆಯ್ತು ಅನ್ನಿ. ಪರಿಹಾರ ಯಾರಿಗೆ? ಇಲ್ಲೇ ಇರೋದು ತೊಡಕು. 1990ರಲ್ಲಿ ಕಪಾರೊ ಪ್ರಕರಣದಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಹೇಳಿದ್ದು: ಆಡಿಟರನ ಹೊಣೆ ಕಂಪನಿಗೆ, ಒಟ್ಟಾರೆ ಷೇರುದಾರರಿಗೆ, ವರದಿ ಓದಿ ದುಡ್ಡು ಹಾಕಿದ ಒಬ್ಬೊಬ್ಬರಿಗಲ್ಲ.

ನಮ್ಮ 2013ರ ಕಂಪನಿ ಕಾಯ್ದೆ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ 245ನೇ ಕಲಮಿನಡಿ ಷೇರುದಾರರು, ಠೇವಣಿದಾರರು ಒಟ್ಟಾಗಿ ಆಡಿಟರಿಂದಲೂ ಪರಿಹಾರ ಕೇಳಬಹುದು. ಓದಿ ಕುರ್ಚಿಯಿಂದ ಎದ್ದೇಬಿಟ್ಟೆ. ಆಮೇಲೆ ಹೊಳೀತು, ಸಹಕಾರ ಸಂಘ ಕಂಪನಿಯೇ ಅಲ್ಲ! ಅದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಕೂಸು.

ಕಂಪನಿಗಳಲ್ಲಾದರೂ ಏನಾಗಿದೆ? ನಮ್ಮದೇ ಕಾಫಿ ಡೇ ನೋಡಿ. ಅದರ ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಪ್ರವರ್ತಕರ ಕುಟುಂಬದ ಕಾಫಿ ಎಸ್ಟೇಟ್ ಕಂಪನಿಗೆ ಹೋಗಿತ್ತು. 2018-19ರ ಲೆಕ್ಕ ನೋಡಿದ ಆಡಿಟ್ ಸಂಸ್ಥೆಗೆ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ 2024ರಲ್ಲಿ 10 ಕೋಟಿ ದಂಡ ಹಾಕಿತು. ದೊಡ್ಡ ಮೊತ್ತವೇ. ಆದರೆ ದಂಡ ಅಂದ್ರೆ ಸರ್ಕಾರಕ್ಕೆ, ಷೇರು ಕೊಂಡವನಿಗೆ ಅದರಲ್ಲಿ ಪಾಲಿಲ್ಲ.

ಅಪ್ಪನಿಗೆ ಇಷ್ಟನ್ನೂ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಹಂಗಾರೆ ಆ ‘ಎ’ ಅಂತ ಬರೆದಿದ್ದು ಯಾರು ಓದ್ಲಿ ಅಂತ?" ಅಂದರು. ಸದ್ಯಕ್ಕೆ ಬಾಂಡಿನ ಜೆರಾಕ್ಸ್ ಮಾಡಿಸಿ ಸಂಘದ ಸಮಾಪನಾಧಿಕಾರಿಗೆ ಅರ್ಜಿ ಬರೆದಿದ್ದೇವೆ. ಅದರ ಜೊತೆ ಆ ವರದಿಯ ಪುಟವನ್ನೂ ಲಗತ್ತಿಸಿದ್ದಾರೆ, ನಾನು ಬೇಡ ಅಂದರೂ.