ಚರಿತ್ರೆಯ ಬಾಗಿಲಿಗೆ ಅಂಟಿಸಿದ ಟೇಪು

ಅಮೆರಿಕದ ಇತಿಹಾಸದಲ್ಲಿ ರಾಜೀನಾಮೆ ಕೊಟ್ಟು ಹೋದ ಅಧ್ಯಕ್ಷ ಒಬ್ಬನೇ, ರಿಚರ್ಡ್ ನಿಕ್ಸನ್. 1974ರ ಆಗಸ್ಟ್ 9ರಂದು ಆತ ಅಧಿಕಾರ ತೊರೆಯಲು ಕಾರಣವಾದ ವಾಟರ್‌ಗೇಟ್ ಹಗರಣದ ಬಗ್ಗೆ ಗಂಭೀರ ಗ್ರಂಥಗಳು ಹೇರಳವಾಗಿವೆ. ಆದರೆ ಅದೇ ವಸ್ತುವನ್ನಿಟ್ಟುಕೊಂಡು ಹದಿಹರೆಯದವರಿಗಾಗಿ ತಯಾರಾದ ಹಾಸ್ಯಚಿತ್ರವೊಂದು ಸೋತು ಹೋದದ್ದನ್ನು ನಾವು ಗಮನಿಸಿದ್ದು ಕಡಿಮೆ.

ಆಂಡ್ರ್ಯೂ ಫ್ಲೆಮಿಂಗ್ ನಿರ್ದೇಶನದ ಆ ಚಿತ್ರದ ಹೆಸರು 'ಡಿಕ್'. ಅದು ರಿಚರ್ಡ್ ಎಂಬ ಹೆಸರಿನ ಕಿರುರೂಪ. ಬೆಟ್ಸಿ ಮತ್ತು ಅರ್ಲೀನ್ ಎಂಬ ಇಬ್ಬರು ಶಾಲಾ ಹುಡುಗಿಯರು ತಮ್ಮ ಮೆಚ್ಚಿನ ಗಾಯಕನಿಗೆ ಪತ್ರ ಹಾಕಲು ರಾತ್ರಿ ವಾಟರ್‌ಗೇಟ್ ಕಟ್ಟಡದಿಂದ ಹೊರಗೆ ಹೋಗುತ್ತಾರೆ. ಬಾಗಿಲು ಮುಚ್ಚಿಕೊಳ್ಳದಿರಲೆಂದು ಅದರ ಬೀಗಕ್ಕೆ ಟೇಪು ಅಂಟಿಸುತ್ತಾರೆ. ಮುಂದೆ ಶ್ವೇತಭವನದ ನಾಯಿಯನ್ನು ಅಡ್ಡಾಡಿಸುವ ಕೆಲಸ ಅವರಿಗೆ ಸಿಗುತ್ತದೆ. ಕಡೆಗೆ ಪತ್ರಕರ್ತರಿಗೆ ಗುಟ್ಟು ತಿಳಿಸುವ 'ಡೀಪ್ ಥ್ರೋಟ್' ಅವರೇ ಆಗುತ್ತಾರೆ.

ಕತೆ ಕಾಲ್ಪನಿಕ. ಆದರೆ ಟೇಪು ನಿಜ. 1972ರ ಜೂನ್ 17ರ ನಸುಕಿನಲ್ಲಿ ಫ್ರಾಂಕ್ ವಿಲ್ಸ್ ಎಂಬ 24ರ ಹರೆಯದ ಕರಿಯ ಕಾವಲುಗಾರ ಬಾಗಿಲಿನ ಬೀಗದ ಮೇಲೆ ಟೇಪು ಕಂಡು ಕಿತ್ತುಹಾಕಿದ. ಮತ್ತೊಮ್ಮೆ ಬಂದಾಗ ಹೊಸ ಟೇಪು ಅಂಟಿತ್ತು. ಪೊಲೀಸರಿಗೆ ಫೋನ್ ಮಾಡಿದ. ಡೆಮಾಕ್ರಟಿಕ್ ಪಕ್ಷದ ಕಚೇರಿಯಲ್ಲಿ ಐವರು ಸಿಕ್ಕಿಬಿದ್ದರು. ಸುದ್ದಿ ಬರೆದ ಪತ್ರಕರ್ತರು ವಿಶ್ವವಿಖ್ಯಾತರಾದರು. ವಿಲ್ಸ್ ಮಾತ್ರ ಕೆಲಸಕ್ಕಾಗಿ ಅಲೆದು, ಬಡತನದಲ್ಲೇ ಬಾಳಿ 2000ದಲ್ಲಿ ತೀರಿಕೊಂಡ.

1999ರ ಆಗಸ್ಟ್‌ನಲ್ಲಿ ತೆರೆಕಂಡ 'ಡಿಕ್'ಗೆ ತಗಲಿದ ವೆಚ್ಚ ಸುಮಾರು 1.3 ಕೋಟಿ ಡಾಲರ್. ಅಮೆರಿಕದಲ್ಲಿ ಬಂದ ಗಳಿಕೆ ಸುಮಾರು 63 ಲಕ್ಷ. ವಿಮರ್ಶಕರಲ್ಲಿ ಅನೇಕರು ಮೆಚ್ಚಿದರೂ ಜನ ಬರಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಅಂದು 15 ವರ್ಷದವರಾಗಿದ್ದವರು ನಿಕ್ಸನ್ ಹೋಗಿ ಹತ್ತು ವರ್ಷಗಳ ಬಳಿಕ ಹುಟ್ಟಿದವರು. ನಿಕ್ಸನ್‌ನನ್ನು ಬಲ್ಲ ಹಿರಿಯರಿಗೋ ಅದು ಮಕ್ಕಳ ಚಿತ್ರ. ಅದೇ ಬೇಸಿಗೆಯಲ್ಲಿ ಹದಿಹರೆಯದವರ ಮತ್ತೊಂದು ಹಾಸ್ಯಚಿತ್ರ 'ಅಮೆರಿಕನ್ ಪೈ' ಹಣದ ಹೊಳೆ ಹರಿಸಿತು. ಅದನ್ನು ನೋಡಿ ನಗಲು ಚರಿತ್ರೆಯ ತಿಳಿವಳಿಕೆ ಬೇಕಿರಲಿಲ್ಲ.

2005ರಲ್ಲಿ 'ಡೀಪ್ ಥ್ರೋಟ್' ಯಾರೆಂಬುದು ಬಯಲಾಯಿತು. ಆತ ಎಫ್‌ಬಿಐಯ ಎರಡನೇ ಸ್ಥಾನದಲ್ಲಿದ್ದ ಮಾರ್ಕ್ ಫೆಲ್ಟ್. ಚಿತ್ರದ ಊಹೆ ಸುಳ್ಳಾಯಿತು, ಅದರ ಮಾತು ಸುಳ್ಳಾಗಲಿಲ್ಲ. ಅಧಿಕಾರಸ್ಥರು ಸಮಬಲರ ಮುಂದೆ ಎಚ್ಚರವಾಗಿರುತ್ತಾರೆ. ಕಾವಲುಗಾರ, ಕಸ ಗುಡಿಸುವವಳು, ಶಾಲೆಯ ಹುಡುಗಿ ಅವರ ಕಣ್ಣಿಗೆ ಬೀಳುವುದೇ ಇಲ್ಲ. ದೊಡ್ಡವರ ಪತನ ಹಲವು ಬಾರಿ ಅಲ್ಲಿಂದಲೇ ಆರಂಭವಾಗುತ್ತದೆ.

ಪತನವನ್ನು ನಾವು ಚರಿತ್ರೆಯಲ್ಲಿ ಬರೆದಿಡುತ್ತೇವೆ. ಟೇಪನ್ನು ಕಂಡವನ ಹೆಸರನ್ನು ಮರೆಯುತ್ತೇವೆ. ಸೋತ ಹಾಸ್ಯಚಿತ್ರವೊಂದು ಆ ಬಾಗಿಲಿನ ಕಡೆಗೆ ನಮ್ಮ ಗಮನ ಸೆಳೆಯುವುದಾದರೆ, ಅದರ ಸೋಲನ್ನು ಗಲ್ಲಾಪೆಟ್ಟಿಗೆಯಿಂದ ಮಾತ್ರ ಅಳೆಯುವುದು ಸರಿಯಲ್ಲ.