ಗ್ಲೋಬ್: ಗೋಳವೂ ಹೌದು, ಗುಂಪೂ ಹೌದು

ಮಿಲ್ಟನ್ ಕವಿಯ 'ಪ್ಯಾರಡೈಸ್ ಲಾಸ್ಟ್' ಓದುವವರು ಎರಡನೆಯ ಕಾಂಡದಲ್ಲಿ ಒಂದು ಕಡೆ ಎಡವುತ್ತಾರೆ. ನರಕದ ಸಭೆ ಮುಗಿದು ಸೈತಾನ ಎದ್ದು ಹೊರಡುತ್ತಾನೆ. ಆಯುಧ, ಪತಾಕೆಗಳ ಸಮೇತ ಬೆಂಕಿಯಂಥ ದೂತರು ಅವನನ್ನು ಸುತ್ತುವರಿದಿದ್ದಾರೆ. ಆ ದೂತರ ಕೂಟಕ್ಕೆ ಕವಿ ಬಳಸಿದ ಪದ 'ಗ್ಲೋಬ್'. ಶಾಲೆಯ ಬೀರುವಿನ ಮೇಲೆ ಓರೆಯಾಗಿ ಕೂತ, ಬೆರಳಿನಿಂದ ತಳ್ಳಿದರೆ ಗಿರ್ರನೆ ತಿರುಗುವ ನೀಲಿ ಉಂಡೆಯನ್ನು ಮಾತ್ರ ಬಲ್ಲವರಿಗೆ ಇದು ವಿಚಿತ್ರವಾಗಿ ಕೇಳಿಸುತ್ತದೆ. ದೂತರಿಗೂ ಆ ಉಂಡೆಗೂ ಏನು ಸಂಬಂಧ?

ಸಂಬಂಧ ಲ್ಯಾಟಿನ್ನಿನಲ್ಲಿದೆ. 1667ರಲ್ಲಿ ಅಚ್ಚಾದ ಈ ಕಾವ್ಯದ ಭಾಷೆ ಇಂಗ್ಲಿಷಾದರೂ ಅದರ ಎಷ್ಟೋ ಪದಗಳು ಲ್ಯಾಟಿನ್ ಅರ್ಥವನ್ನು ಹೊತ್ತೇ ಬಂದಿವೆ. ಲ್ಯಾಟಿನ್ನಿನ 'ಗ್ಲೋಬಸ್' ಎಂದರೆ ಉಂಡೆ, ಮುದ್ದೆ, ಒತ್ತೊತ್ತಾಗಿ ಕೂಡಿದ್ದು. ವರ್ಜಿಲನ 'ಈನಿಯಡ್' ಒಂದರಲ್ಲೇ ಈ ಪದದ ಓಡಾಟ ನೋಡಿ. ಎಟ್ನಾ ಪರ್ವತ ಕಾರುವ ಬೆಂಕಿಯುಂಡೆಗಳಿಗೆ ಅದೇ ಪದ. ಹೊಳೆಯುವ ಚಂದ್ರನಿಗೂ ಅದೇ. ಪಾಳೆಯದ ಕಾವಲುಗಾರ ದೂರದಲ್ಲಿ ಕಪ್ಪಗೆ ಉರುಳಿ ಬರುವ ಧೂಳಿನ ಮೋಡವನ್ನು ಕಂಡು ಕೂಗುವಾಗಲೂ ಅದೇ. ಮುಂದೆ ಯುದ್ಧದಲ್ಲಿ ದಟ್ಟವಾಗಿ ಮುತ್ತಿಕೊಂಡ ಯೋಧರ ಗುಂಪಿಗೂ ಅದೇ. ಬೆಂಕಿ, ಚಂದ್ರ, ಧೂಳು, ಜನ ಎಲ್ಲಕ್ಕೂ ಒಂದೇ ಮಾತು. ಇತಿಹಾಸಕಾರರಾದ ಲಿವಿ, ಟ್ಯಾಸಿಟಸ್ ಕೂಡ ಸೈನಿಕರ ಜಮಾವಣೆಗೆ ಇದನ್ನೇ ಬಳಸುತ್ತಾರೆ. ಇವೆಲ್ಲವನ್ನೂ ಹಿಡಿದಿಡುವ ಸೂತ್ರ ದುಂಡಗಿನ ಆಕಾರವೊಂದೇ ಅಲ್ಲ. ಒಂದು ನಡುವಿನ ಸುತ್ತ ಎಲ್ಲವೂ ಒತ್ತಿ ಕೂಡುವುದು.

ಕನ್ನಡದವರಿಗೆ ಇದು ಒಗಟಾಗಬೇಕಾಗಿಲ್ಲ. ನಮ್ಮಲ್ಲಿ 'ಮಂಡಲ' ಇದೆ. ಸೂರ್ಯಮಂಡಲದಲ್ಲಿ ಅದು ಬಿಂಬ, ಭೂಮಂಡಲದಲ್ಲಿ ಇಡೀ ಲೋಕ, ನಾಗಮಂಡಲದಲ್ಲಿ ನೆಲದ ಮೇಲೆ ಬಣ್ಣದ ಪುಡಿಯಿಂದ ಬರೆದ ಸುತ್ತು. ವೈದ್ಯರು ಔಷಧಿಯನ್ನು ಒಂದು ಮಂಡಲ ತೆಗೆದುಕೊಳ್ಳಿ ಎಂದರೆ ಅದು ನಲವತ್ತೆಂಟು ದಿನ. ಅದೇ ಪದ ಮಂತ್ರಿಮಂಡಲದಲ್ಲಿ ಜನರ ಕೂಟವಾಗುತ್ತದೆ. ನಾಟಕ ಮಂಡಳಿ, ಭಜನಾ ಮಂಡಳಿ, ಆಡಳಿತ ಮಂಡಳಿಗಳೂ ಆ ಬಳಗದವೇ. ದುಂಡಗಿನದು ಕೂಡುವಿಕೆಯಾಗುವುದು, ಕೂಡುವಿಕೆ ಲೋಕವಾಗುವುದು ನಮ್ಮ ನಾಲಿಗೆಗೆ ಸಹಜ. ಮಿಲ್ಟನ್ನನ ಆ ಸಾಲನ್ನು ಕನ್ನಡಕ್ಕೆ ತರುವವರು 'ಗೋಳ' ಎಂದು ಬರೆದರೆ ಅರ್ಥ ಕೆಡುತ್ತದೆ; 'ದೂತಮಂಡಲ' ಎಂದರೆ ಸರಿಯಾಗಿ ಕೂರುತ್ತದೆ. ಆದರೆ ಅದೇ ಕಾವ್ಯದ ಮೊದಲ ಕಾಂಡದಲ್ಲಿ, ದೂರದರ್ಶಕದಲ್ಲಿ ಕಂಡ ಕಲೆಗಳುಳ್ಳ ಚಂದ್ರನನ್ನು ಮಿಲ್ಟನ್ 'ಗ್ಲೋಬ್' ಎಂದಿದ್ದಾನೆ. ಅಲ್ಲಿ ಗೋಳವೇ ಸರಿ.

ಶೇಕ್ಸ್‌ಪಿಯರನ ಕೈಯಲ್ಲಿ ಈ ಪದ ಇನ್ನೊಂದು ಮಗ್ಗುಲು ಹೊರಳಿತು. 1599ರಲ್ಲಿ ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ ಅವನ ತಂಡ ಹೊಸ ರಂಗಮಂದಿರ ಕಟ್ಟಿ 'ಗ್ಲೋಬ್' ಎಂದು ಹೆಸರಿಟ್ಟಿತು. ಅದರ ಮರಮುಟ್ಟು ಹಳೆಯ ರಂಗಮಂದಿರವೊಂದನ್ನು ಬಿಚ್ಚಿ ತಂದದ್ದು. ಆ ಕಾಲದ್ದೇ ಆದ 'ಹ್ಯಾಮ್ಲೆಟ್'ನಲ್ಲಿ, ತಂದೆಯ ಪ್ರೇತ ಮರೆಯಾದ ಮೇಲೆ ರಾಜಕುಮಾರ ನೆನಪಿನ ಮಾತೆತ್ತಿ ತನ್ನ ತಲೆಯನ್ನೇ 'ಗ್ಲೋಬ್' ಎನ್ನುತ್ತಾನೆ. ಕೇಳುವವರು ಕೂತಿದ್ದ ರಂಗಮಂದಿರದ ಹೆಸರೂ ಅದೇ, ಹೊರಗಿನ ಪ್ರಪಂಚದ ಹೆಸರೂ ಅದೇ. ಒಂದು ಪದದಲ್ಲಿ ತಲೆ, ರಂಗ, ಲೋಕ ಮೂರನ್ನೂ ತುಂಬಿದ ಈ ಕಡೆ ಬಂದಾಗಲೆಲ್ಲ ನಾನು ಪುಸ್ತಕ ಮಡಚಿ ಒಂದು ನಿಮಿಷ ಸುಮ್ಮನೆ ಕೂರುತ್ತೇನೆ.

ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ ಮಕ್ಕಳು 'ಗ್ಲೋಬುಗಳ ಬಳಕೆ' ಕಲಿತರು ಎಂಬ ಮಾತು ಬರುತ್ತದೆ. ಆ ಬಹುವಚನವನ್ನು ಗಮನಿಸಬೇಕು. ಆಗ ಗೋಳಗಳು ಜೋಡಿಯಾಗಿ ಮಾರಾಟವಾಗುತ್ತಿದ್ದವು: ಒಂದು ಭೂಮಿಯದು, ಇನ್ನೊಂದು ನಕ್ಷತ್ರಗಳದು. ಹಿತ್ತಾಳೆಯ ಬಳೆಯಲ್ಲಿ ಗೋಳವನ್ನು ತಿರುಗಿಸಿ, ಇಲ್ಲಿ ನಡುಹಗಲಾದಾಗ ಇನ್ನೊಂದು ಊರಲ್ಲಿ ಎಷ್ಟು ಹೊತ್ತು, ಇಂಥ ದಿನ ಸೂರ್ಯ ಎಷ್ಟಕ್ಕೆ ಹುಟ್ಟುತ್ತಾನೆ ಎಂದು ಲೆಕ್ಕ ಹಾಕುವುದೇ ಆ ಪಾಠ. ಆಕಾಶದ ಗೋಳ ಶಾಲೆಗಳಿಂದ ಮರೆಯಾಯಿತು, ಅದರ ಜೊತೆಗೇ ಆ ಬಹುವಚನವೂ ಹೋಯಿತು.

ನಮ್ಮ 'ಗೋಳ'ದ ಕತೆಯೂ ಹೀಗೆಯೇ. ಕ್ರಿ.ಶ. 499ರ 'ಆರ್ಯಭಟೀಯ'ದ ಕೊನೆಯ ಭಾಗದ ಹೆಸರು ಗೋಳಪಾದ. ಎಲ್ಲ ಕಡೆಯೂ ತೂಕ ಸಮನಾಗಿರುವ, ಹಗುರವಾದ ಮರದ ಗೋಳವೊಂದನ್ನು ಮಾಡಿ ಪಾದರಸ, ಎಣ್ಣೆ, ನೀರಿನ ನೆರವಿನಿಂದ ಕಾಲಕ್ಕೆ ಸರಿಯಾಗಿ ತಿರುಗಿಸಬೇಕೆಂದು ಆರ್ಯಭಟ ಅಲ್ಲಿ ಹೇಳುತ್ತಾನೆ. ಅದು ತೋರಿಸುವುದು ಆಕಾಶದ ಸುತ್ತಾಟವನ್ನು. ಭೂಮಿಗಾದರೆ ಅವನು ಕೊಡುವ ಹೋಲಿಕೆ ಕದಂಬದ ಹೂವು: ಉಂಡೆಯ ಸುತ್ತ ಎಸಳು ತುಂಬಿದಂತೆ ಭೂಗೋಳದ ಸುತ್ತ ಜೀವಿಗಳು. 1150ರಲ್ಲಿ 'ಸಿದ್ಧಾಂತ ಶಿರೋಮಣಿ' ಬರೆದ ಭಾಸ್ಕರಾಚಾರ್ಯ ಅದರ ಒಂದು ಭಾಗವನ್ನು ಗೋಲಾಧ್ಯಾಯ ಎಂದು ಕರೆದ. ಈ ಗ್ರಂಥಗಳಲ್ಲಿ ಬರಿದೆ 'ಗೋಳ' ಎಂದಾಗ ಭೂಮಿಗಿಂತ ಆಕಾಶವೇ ಹೆಚ್ಚಾಗಿ ಮನಸ್ಸಿನಲ್ಲಿರುತ್ತದೆ. ಇಂದು 'ಭೂಗೋಳ' ಎಂದರೆ ಮಕ್ಕಳಿಗೆ ನೆನಪಾಗುವುದು ಒಂದು ಪಠ್ಯಪುಸ್ತಕ, ನದಿಗಳ ಪಟ್ಟಿ, ಪರೀಕ್ಷೆಯ ನಕ್ಷೆ. ಕದಂಬದ ಹೂವು ಆ ಪದದಿಂದ ಉದುರಿಹೋಗಿದೆ.

ಪದಗಳ ಅರ್ಥ ಬದಲಾಗುವುದು ತಪ್ಪಲ್ಲ. ಇಂದಿನ ಅರ್ಥವನ್ನು ಹಳೆಯ ಬರಹದ ಮೇಲೆ ಹೇರುವುದು ತಪ್ಪು. ಹಾಗೆ ಓದಿದರೆ ಮಿಲ್ಟನ್ನನ ದೂತರು ಚದುರುತ್ತಾರೆ, ಹ್ಯಾಮ್ಲೆಟನ ತಲೆ ಬರಿದಾಗುತ್ತದೆ, ಆರ್ಯಭಟನ ಆಕಾಶ ಕುಗ್ಗುತ್ತದೆ. ಡಾಕ್ಟರ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ 'ಗ್ಲೋಬ್' ಪದಕ್ಕೆ ಉಂಡೆ, ಭೂಮಿ ಎಂಬ ಅರ್ಥಗಳ ಜೊತೆಗೆ ದುಂಡಗೆ ಕೂಡಿ ನಿಂತ ಸೈನಿಕರು ಎಂಬ ಅರ್ಥವನ್ನೂ ಕೊಟ್ಟಿದ್ದಾನೆ. ಹಳೆಯ ಪುಸ್ತಕ ಹಿಡಿದಾಗ ಪಕ್ಕದಲ್ಲಿ ಒಳ್ಳೆಯ ನಿಘಂಟು ಇಟ್ಟುಕೊಳ್ಳಿ. ಗೊತ್ತಿರುವ ಪದವೆಂದು ಮುಂದೆ ಸಾಗದೆ ಅದನ್ನು ತೆರೆಯಿರಿ, ಮೊದಲ ಅರ್ಥಕ್ಕೇ ನಿಲ್ಲದೆ ಕೊನೆಯದರವರೆಗೂ ಓದಿ.